ಅಜ್ಜಿ ಕೊಟ್ಟ ಎಳೆ

ಕಳೆದ ತಿಂಗಳು ಮನೆಗೆ ಬಂದ ನೆಂಟರೊಬ್ಬರು ಮೊಮ್ಮಗಳು ಸಿರಿಯನ್ನು ನೋಡಿ, "ಇವಳಣ್ಣ ಥೇಟ್ ತಾತನ ಹಾಗೆ. ಇವಳು ಮಾತ್ರ ಯಾರ ಹಾಗೂ ಇಲ್ಲ" ಎಂದು ನಕ್ಕರು. ಅವರು ಹೋದ ಮೇಲೆ ಸಿರಿ ಗೋಡೆಯ ಮೇಲಿನ ಅಜ್ಜಿಯ ಫೋಟೋ ಮುಂದೆ ನಿಂತಿದ್ದಳು. "ತಾತ, ನಾನು ಹುಟ್ಟೋಕೆ ಮುಂಚೆನೇ ಅಜ್ಜಿ ಹೋಗಿಬಿಟ್ರು. ಅವರದ್ದು ನನ್ನಲ್ಲಿ ಏನೂ ಇಲ್ವಾ?"

ನನಗೆ ಗಂಟಲುಬ್ಬಿ ಬಂತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಉತ್ತರ ಎಲ್ಲಿ ಗೊತ್ತು? ಅವಳಣ್ಣನ ಪಿಯುಸಿ ಜೀವಶಾಸ್ತ್ರದ ಪುಸ್ತಕ ಹಿಡಿದು ನಾಲ್ಕು ದಿನ ಕುಳಿತೆ. ಐದನೆಯ ದಿನ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ, ಅಂದರೆ 23 ಜೊತೆ. ಪ್ರತಿ ಜೊತೆಯಲ್ಲೂ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ನನ್ನ ಮಗನಲ್ಲಿ ಒಂದು ನನ್ನದು, ಒಂದು ನನ್ನ ಹೆಂಡತಿಯದು. ಅವನು ತನ್ನ ಮಗುವಿಗೆ ಕೊಡುವುದು ಜೊತೆಗೊಂದನ್ನು ಮಾತ್ರ. ಹಾಗಾದರೆ ನನ್ನದೋ, ಅವಳದೋ?

ಇಲ್ಲೇ ಸೊಗಸಿರುವುದು. ಹಂಚಿಕೆಗೆ ಮೊದಲು ಜೊತೆಯ ತಂತುಗಳು ಪಕ್ಕಪಕ್ಕ ಬಂದು, ಸರಿಸಮ ಜಾಗದಲ್ಲಿ ತುಂಡಾಗಿ, ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದೇ ಕ್ರಾಸಿಂಗ್ ಓವರ್. ಎರಡು ಲೆಡ್ಜರುಗಳ 40ರಿಂದ 60ನೇ ಪುಟಗಳನ್ನು ಬಿಚ್ಚಿ, ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಹೊಲಿದ ಹಾಗೆ. ಪುಟಗಳ ಲೆಕ್ಕ ಸರಿ, ಬರಹ ಮಾತ್ರ ಬೆರಕೆ. ಬ್ಯಾಂಕಿನಲ್ಲಿ ನಾನು ಹಾಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು!

"ಇದನ್ನ ಕಂಡವರು ಯಾರು?" ಎಂದಳು ಸಿರಿ. 1931ರಲ್ಲಿ ಅಮೆರಿಕದ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಎಂಬ ಇಬ್ಬರು ಮಹಿಳೆಯರು ಮುಸುಕಿನ ಜೋಳದಲ್ಲಿ ಇದನ್ನು ತೋರಿಸಿಕೊಟ್ಟರು. ಕಾಳಿನ ಗುಣಗಳು ಹೊಸದಾಗಿ ಬೆರೆತಿದ್ದಲ್ಲಿ, ಸೂಕ್ಷ್ಮದರ್ಶಕದಡಿ ವರ್ಣತಂತುವಿನ ತುಂಡೂ ಜಾಗ ಬದಲಿಸಿತ್ತು.

"ಅಂದ್ರೆ ನನ್ನಲ್ಲಿ ನೀವೂ ಅಜ್ಜಿಯೂ ಒಂದೇ ದಾರದಲ್ಲಿ ಇದ್ದೀರಾ?"

"ಹೌದು ಪುಟ್ಟಿ. ಇನ್ನೂ ಒಂದು ಗುಟ್ಟಿದೆ" ಎಂದೆ. ಗಂಡಸರಲ್ಲಿ ಒಂದು ಜೊತೆ ಸಮವಲ್ಲ: ದೊಡ್ಡ ಎಕ್ಸ್, ಪುಟ್ಟ ವೈ. ಅವೆರಡೂ ತುದಿಗಳಲ್ಲಿ ಮಾತ್ರ ಅದಲುಬದಲು ಮಾಡಿಕೊಳ್ಳುತ್ತವೆ. ಸಿರಿಯ ಅಪ್ಪನ ಎಕ್ಸ್ ಅವನ ಅಮ್ಮ ಕೊಟ್ಟದ್ದು. ಸಿರಿ ಹೆಣ್ಣುಮಗು, ಆ ಎಕ್ಸ್ ಹೆಚ್ಚುಕಡಿಮೆ ಇಡಿಯಾಗಿ ಅವಳಿಗೇ ಬಂತು. ಅಣ್ಣನಿಗೆ ಬಂದದ್ದು ನನ್ನ ವೈ.

ಸಿರಿ ಮತ್ತೊಮ್ಮೆ ಫೋಟೋ ನೋಡಿದಳು. "ಅಣ್ಣಂಗೆ ಹೇಳಿ ಬರ್ತೀನಿ!" ಎಂದು ಓಡಿದಳು.

ಮುಖ ಹೋಲಿಸುವ ನೆಂಟರಿಗೆ ಕಾಣುವುದು ಸ್ವಲ್ಪವೇ. ಮಕ್ಕಳೇ, ನಿಮ್ಮೊಳಗೂ ಇಬ್ಬರು ಅಜ್ಜಿಯರು, ಇಬ್ಬರು ತಾತಂದಿರು ಕೂಡಿ ಕುಳಿತಿದ್ದಾರೆ.