ಒಂದು ಫಿಲ್ಮು, ಎರಡು ಎಲುಬು

ನಮ್ಮ ಹತ್ತಿಕುಣಿಯಲ್ಲಿ ಜೋಳ ಹಾಲುಗಟ್ಟಿ ಸೀತನಿಗೆ ಬಂತೆಂದರೆ ಹೊಲದಲ್ಲೇ ಕುಳ್ಳು ಒಟ್ಟಿ ಬೆಂಕಿ ಹಾಕುತ್ತೇವೆ. ತೆನೆ ಸುಟ್ಟು, ತಿಕ್ಕಿ, ಕೇರಿ ತಿನ್ನುತ್ತ ಯಾರಾದರೊಬ್ಬರ ಬಾಯಿ ಬಿಡಿಸುವುದು ರೂಢಿ. ಈ ಸಲ ಹುಡುಗರು ನನ್ನ ಬೆನ್ನು ಹತ್ತಿದರು.

“ಕಾಕಾ, ನೀ ಮಿಲ್ಟ್ರ್ಯಾಗ ಇದ್ದಾಂವ. ಒಂದ ಯುದ್ಧದ ಕತಿ ಹೇಳು. ಕಾರ್ಗಿಲ್‌ದು ಹೇಳು.”

ಕಾರ್ಗಿಲ್‌ಗೆ ಹೋದವರು ಹೇಳಬೇಕಾದ ಕಥೆ ಅದು, ನನ್ನದಲ್ಲ. ನಾನು ಬಂದೂಕು ಹಿಡಿಯಲು ಕಲಿತದ್ದು ಲಖನೌದ ತರಬೇತಿಯಲ್ಲಿ. ಆಮೇಲೆ ಆರ್ಮಿ ಮೆಡಿಕಲ್ ಕೋರ್‌ನವರು ಕೈಗೆ ಕೊಟ್ಟದ್ದು ಎಕ್ಸ್‌ರೇ ಕ್ಯಾಸೆಟ್ಟು. ಹುದ್ದೆಯ ಹೆಸರು ರೇಡಿಯೋಗ್ರಾಫರ್. ಊರವರ ಬಾಯಲ್ಲಿ ‘ಮಿಲ್ಟ್ರ್ಯಾಗ ಫೋಟೊ ತೆಗೆಯಾಂವ’. ಪೆನ್ಶನ್ ಬಂದ ಮೇಲೆ ಸಿವಿಲ್ ಆಸ್ಪತ್ರೆಯಲ್ಲೂ ಅದೇ ಫೋಟೊ ತೆಗೆದೆ. ಮಿಲ್ಟ್ರಿಯಲ್ಲಿ ಹರೆಯದ ಹುಡುಗರ ಕಾಲು, ಬೆನ್ನು. ಸಿವಿಲ್‌ನಲ್ಲಿ ಬೀಡಿ ಸೇದಿದ ಎದೆ, ಎತ್ತಿನ ಗಾಡಿಯಿಂದ ಬಿದ್ದ ಭುಜ, ಮುದುಕಿಯರ ಮೊಣಕಾಲು. ಅಷ್ಟೇ ವ್ಯತ್ಯಾಸ.

ಆದರೂ ಒಂದು ಫಿಲ್ಮಿನ ಕಥೆ ಇದೆ, ಕೇಳ್ರಿ ಅಂದೆ. ಅದು ನಮ್ಮ ಮಗ್ಗುಲ ಸೀಮೆಯದು.

1993ರ ಸೆಪ್ಟೆಂಬರ್ 30, ಗುರುವಾರ. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ಲಾತೂರ್, ಉಸ್ಮಾನಾಬಾದ್ ಎರಡೂ ಜಿಲ್ಲೆ ಸೇರಿ 52 ಹಳ್ಳಿ ನೆಲಸಮವಾದವು, ಸತ್ತವರು 10,000ದ ಹತ್ತಿರ. 1956ಕ್ಕಿಂತ ಮೊದಲು ಆ ಸೀಮೆಯೂ ನಮ್ಮ ಸೀಮೆಯೂ ಹೈದರಾಬಾದ್ ರಾಜ್ಯದವೇ. ಮನೆ ಕಟ್ಟುವ ರೀತಿಯೂ ಒಂದೇ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ನಡುವೆ ಕೆಸರು, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಮಳೆಗಾಲಕ್ಕೆ ಮೊದಲು ಇನ್ನಷ್ಟು ಮಣ್ಣು ಹಾಕುತ್ತೇವೆ. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ ಹಾಕುತ್ತಾನೆ, ಅಪ್ಪ ಹಾಕಿದ್ದರ ಮೇಲೆ ನಾವು. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ, ಖರೇ. ಆ ನಸುಕಿನಲ್ಲಿ ಅದೇ ಮಾಳಿಗೆ ಕುಸಿದು ಮಲಗಿದವರ ಎದೆಯ ಮೇಲೆ ಕೂತಿತು. ಭೂಕಂಪ ಜನರನ್ನು ಕೊಲ್ಲುವುದಿಲ್ಲ, ಮನೆ ಕೊಲ್ಲುತ್ತದೆ ಎಂದು ಎಂಜಿನಿಯರುಗಳು ಹೇಳುವುದು ಇದನ್ನೇ. ಸರ್ಕಾರದ ನಕ್ಷೆಯಲ್ಲಿ ಆಗ ಕಿಲ್ಲಾರಿ ಇದ್ದದ್ದು ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ಒಂದನೇ ವಲಯದಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಿದರು.

ನಾನಾಗ ಸಿಕಂದರಾಬಾದಿನಲ್ಲಿದ್ದೆ. ಜಹೀರಾಬಾದ್, ಹುಮನಾಬಾದ್ ದಾಟಿ ನಮ್ಮ ಗಾಡಿಗಳು ಉಮರ್ಗಾ ಕಡೆ ಹೊರಟವು. ಹುಮನಾಬಾದಿನಲ್ಲಿ ಕನ್ನಡದ ಬೋರ್ಡುಗಳು ಕಂಡಾಗ ಊರಿಗೇ ಹೊರಟಂತೆ ಅನಿಸಿತ್ತು. ಮುಂದೆ ಮಳೆ ಹಿಡಿಯಿತು. ಕುಸಿದ ಮಣ್ಣೆಲ್ಲ ಕೆಸರಾಗಿ, ಅಡಿಯಲ್ಲಿದ್ದವರನ್ನು ತೆಗೆಯುವುದು ಇನ್ನೂ ಕಷ್ಟವಾಯಿತು. ಅದನ್ನೆಲ್ಲ ವಿಸ್ತಾರವಾಗಿ ಹೇಳುವುದಿಲ್ಲ, ಊಟದ ಹೊತ್ತು.

ಡೇರೆ ಹಾಕಿದೆವು. ಒಂದರಲ್ಲಿ ಯಂತ್ರ, ಮಗ್ಗುಲಲ್ಲಿ ಕಪ್ಪು ಕಂಬಳಿ ಸುತ್ತಿದ ಡಾರ್ಕ್‌ರೂಮು. ಜನರೇಟರಿನ ಕರೆಂಟು. ನಾನು ಬಟನ್ ಒತ್ತಿದರೆ ಡೇರೆಯ ಬಲ್ಬು ಮಂಕಾಗುತ್ತಿತ್ತು, ಕೈ ಬಿಟ್ಟರೆ ಮತ್ತೆ ಹತ್ತುತ್ತಿತ್ತು. ಅದು ಸಣ್ಣ ಯಂತ್ರ, ಕಿರಣ ಕಡಿಮೆ. ಹಾಗಾಗಿ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಅಷ್ಟು ಹೊತ್ತು ಪೇಷಂಟು ಅಲುಗಿದರೆ ಚಿತ್ರ ಮಸುಕು.

ಫಿಲ್ಮು ತೊಳೆಯುವ ಕೆಲಸ ಈಗಿನ ಹುಡುಗರಿಗೆ ಗೊತ್ತಿಲ್ಲ, ಎಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ. ಆಗ ಕೆಂಪು ದೀಪದಲ್ಲಿ ಕ್ಯಾಸೆಟ್ಟು ಬಿಚ್ಚಿ, ಫಿಲ್ಮನ್ನು ಹ್ಯಾಂಗರಿಗೆ ಸಿಕ್ಕಿಸಿ ಡೆವಲಪರಿನಲ್ಲಿ ಮುಳುಗಿಸಬೇಕು. ನೀರು 20 ಡಿಗ್ರಿ ಇದ್ದರೆ ನಾಲ್ಕೈದು ನಿಮಿಷ, ಬಿಸಿಯಿದ್ದರೆ ಬೇಗ ತೆಗೆಯಬೇಕು. ಆಮೇಲೆ ನೀರು, ಆಮೇಲೆ ಹೈಪೊ, ಮತ್ತೆ ನೀರು. ಫಿಲ್ಮಿನ ಮೇಲೆ ಕಪ್ಪಾಗಿ ಕಾಣುವುದು ಬೆಳ್ಳಿ. ಕಿರಣ ಬಿದ್ದ ಕಡೆ ಬೆಳ್ಳಿ ಉಳಿದು ಕಪ್ಪಾಗುತ್ತದೆ, ಎಲುಬು ತಡೆದ ಕಡೆ ಬೆಳ್ಳಗಿರುತ್ತದೆ. ಉಳಿದ ಬೆಳ್ಳಿಯೆಲ್ಲ ಹೈಪೊ ನೀರಿಗೆ ಹೋಗುತ್ತದೆ. ಆ ಹಳೆಯ ನೀರನ್ನು ಕೊಳ್ಳಲು ಸಿವಿಲ್ ಆಸ್ಪತ್ರೆಗಳ ಹಿಂದೆ ವ್ಯಾಪಾರಿಗಳು ಸುಳಿದಾಡುತ್ತಿದ್ದರು.

ನಮ್ಮ ಕೆಲಸದಲ್ಲಿ ಎರಡು ಕಟ್ಟುನಿಟ್ಟು ಉಂಟು. ಒಂದು, ಚಿತ್ರದಲ್ಲಿ ಏನು ಕಂಡರೂ ನಾವು ಹೇಳಬಾರದು. ಎಲ್ಲರಿಗಿಂತ ಮೊದಲು ನೋಡುವವರು ನಾವು, ಆದರೆ ಕೇಳಿದವರಿಗೆಲ್ಲ ಉತ್ತರ ಒಂದೇ: “ಡಾಕ್ಟರ್ ಹೇಳ್ತಾರ.” ಹೇಳಿ ಹೇಳಿ ನನಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಮನೆಯಲ್ಲಿ ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳಿದರೂ ಅದೇ ಬಾಯಿಗೆ ಬರುತ್ತದೆ. ಎರಡನೆಯದು, ಅಳುವ ಮಗುವನ್ನು ನಾವು ಹಿಡಿಯಬಾರದು. ದಿನಾ ಯಂತ್ರದ ಹತ್ತಿರ ನಿಲ್ಲುವವರಿಗೆ ಚೂರುಚೂರು ಕಿರಣ ಸೇರುತ್ತ ಹೋಗುತ್ತದೆ. ಅದನ್ನು ಅಳೆಯಲೆಂದೇ ಎದೆಗೊಂದು ಬಿಲ್ಲೆ ಸಿಕ್ಕಿಸಿ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುತ್ತಾರೆ. ಮಗುವನ್ನು ಹಿಡಿಯುವುದು ತಾಯಿ, ತಂದೆ, ಇಲ್ಲವೇ ಜೊತೆಗೆ ಬಂದವರು. ಅವರಿಗೆ ಅದು ಒಂದು ಸಲದ ಮಾತು, ಸೀಸದ ಏಪ್ರನ್ ತೊಡಿಸಿದರೆ ಮುಗಿಯಿತು.

ಉಮರ್ಗಾದ ಆ ಡೇರೆಯೊಳಕ್ಕೆ ನಾಲ್ಕೈದು ವರ್ಷದ ಒಂದು ಹುಡುಗಿಯನ್ನು ತಂದರು. ಎಡಗಡೆ ತೊಡೆ ಬಾತಿತ್ತು. ಹೆಸರು ಹೇಳುವವರಿಲ್ಲ, ಸೀಸದ ಅಂಕಿ ಜೋಡಿಸಿ ನಂಬರು ಹಾಕಿದೆವು. ಕ್ಯಾಸೆಟ್ಟು ಕಾಲಡಿ ಸರಿಸಿದರೆ ಸಾಕು, ಡೇರೆ ಹಾರಿಹೋಗುವಂತೆ ಚೀರುತ್ತಿತ್ತು ಕೂಸು. ನಮ್ಮ ಸುಬೇದಾರ್ ಸಾಹೇಬರು ಹೊರಗೆ ನಿಂತು, ಮೊದಲು ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ ಕೇಳಿದರು, ಈ ಮಗುವಿನ ಕಡೆಯವರು ಯಾರು? ಯಾರೂ ಮಾತಾಡಲಿಲ್ಲ. ಕಡೆಗೆ ನಾನೇ ಕನ್ನಡದಲ್ಲಿ ಕೂಗಿದೆ, “ಈ ಕೂಸಿನ ಮಂದಿ ಯಾರರೆ ಅದೀರೇನು?”

ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಆ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ಮನೆಗಳು ಬಹಳ; ಆಳಂದದ ಮಾತೇ ಅವರದು. ಸೆರಗು ಕೆಸರಾಗಿತ್ತು. ಎಡಗೈಯನ್ನು ಅದರಲ್ಲೇ ಸುತ್ತಿಕೊಂಡಿದ್ದಳು.

“ನಿನ್ನ ಮೊಮ್ಮಗಳೇನು ಆಯಿ?”

“ಯಾರ ಮಗಳೋ ಏನೋ ತಮ್ಮಾ. ನಿನ್ನಿಯಿಂದ ನನ್ನ ಮಗ್ಗಲದಾಗ ಅಳ್ಕೋತ ಬಿದ್ದದ. ನಾ ಹಿಡಿತೀನಿ, ನಡಿ.”

ಏಪ್ರನ್ ತೊಡಿಸಿದೆ. “ಇದೇನೋ ಇಷ್ಟ ಭಾರ!” ಅಂದಳು. ಸೀಸದ್ದು ಅಂದೆ. ಸೀಸವನ್ನು ಮೈಮೇಲೆ ಹಾಕಿಕೊಳ್ಳುವ ಮಿಲ್ಟ್ರಿಯವರ ಬುದ್ಧಿಗೆ ಅವಳು ತಲೆ ಅಲ್ಲಾಡಿಸಿದಳು. ಕೂಸಿನ ತಲೆಯ ಹತ್ತಿರ ಬಗ್ಗಿ ಬಲಗೈಯಿಂದ ಎದೆ ಒತ್ತಿ ಹಿಡಿದಳು. ಎಡಗೈ ಸೆರಗಿನಲ್ಲೇ ಇತ್ತು. ಏನೋ ಗುನುಗಿದಳು, ಚೀರಾಟ ಬಿಕ್ಕಳಿಕೆಗೆ ಇಳಿಯಿತು. ನಾನು ಎರಡು ಮೀಟರ್ ಹಿಂದೆ ಸರಿದು ಬಟನ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಕೂಸು ಮೊಣಕಾಲು ಎತ್ತಲು ಹೋಯಿತು. ಆಯಿ ಎಡಗೈ ಹೊರತೆಗೆದು ಮೊಣಕಾಲ ಮೇಲೆ ಇಟ್ಟಳು, ಒತ್ತಲಿಲ್ಲ, ಸುಮ್ಮನೆ ಇಟ್ಟಳು. ಬೆಳಕಿನ ಚೌಕ ಬೀಳುವ ಯಂತ್ರವಲ್ಲ ಅದು, ಮೂತಿಗೆ ಕೋನ್ ಹಾಕಿದ್ದು. ಕಿರಣ ಎಲ್ಲಿಯವರೆಗೆ ಹೋಗುತ್ತದೆಂಬುದು ಅಂದಾಜು. ಬಲ್ಬು ಮಂಕಾಯಿತು, ಹತ್ತಿತು.

ಡಾರ್ಕ್‌ರೂಮಿನಲ್ಲಿ ಫಿಲ್ಮು ಡೆವಲಪರಿನಿಂದ ಮೇಲೆದ್ದಾಗ ಕೆಂಪು ಬೆಳಕಿಗೆ ಹಿಡಿದೆ. ಕೂಸಿನ ತೊಡೆಯೆಲುಬು ನಟ್ಟನಡುವೆ ಎರಡಾಗಿತ್ತು. ಕೆಳಗೆ, ಮೊಣಕಾಲ ಅಂಚಿಗೆ, ಇನ್ನೊಂದು ಕೈ. ಮಣಿಕಟ್ಟು, ಅದರಿಂದ ಒಂದಿಷ್ಟು ಮೇಲೆ ಸರಿದ ಕಡಗದ ಅಚ್ಚ ಬಿಳಿ ಸುತ್ತು. ತರಬೇತಿಯಲ್ಲಿ ಎಲ್ಲರಿಗೂ ಒಂದು ಹಳೆಯ ಚಿತ್ರ ತೋರಿಸುತ್ತಾರೆ: 1895ರ ಡಿಸೆಂಬರ್ 22ರಂದು ಜರ್ಮನಿಯ ರಾಂಟ್‌ಗೆನ್ ತನ್ನ ಹೆಂಡತಿಯ ಕೈಯನ್ನು ತೆಗೆದದ್ದು, ಬೆರಳೆಲುಬಿಗೆ ನೇತುಬಿದ್ದ ಹಾಗಿರುವ ಉಂಗುರ. ಅದೇ ನೆನಪಾಯಿತು. ಆದರೆ ಈ ಕೈ ಗಟ್ಟಿಯಿರಲಿಲ್ಲ. ಮಣಿಕಟ್ಟಿನ ಹತ್ತಿರ ದೊಡ್ಡೆಲುಬು ಮುರಿದು ಓರೆಯಾಗಿತ್ತು. ಮಗುವಿನ ತೊಡೆಗೆಂದು ಇಟ್ಟ ಕಿರಣ ಮುದುಕಿಯ ಒಣಗಿದ ಮಣಿಕಟ್ಟಿಗೆ ತುಸು ಹೆಚ್ಚೇ ಆಗಿ ಚಿತ್ರ ಕಪ್ಪಾಗಿತ್ತು. ಓದುವುದಕ್ಕೆ ಅಡ್ಡಿಯಿರಲಿಲ್ಲ.

ಆ ಶಿಬಿರದಲ್ಲಿ ಫಿಲ್ಮು ಒಣಗುವವರೆಗೆ ಕಾಯುವವರು ಯಾರು? ನೀರು ತೊಟ್ಟಿಕ್ಕುವ ಹ್ಯಾಂಗರನ್ನೇ ಎತ್ತಿಕೊಂಡು ಕ್ಯಾಪ್ಟನ್ ಡಾಕ್ಟರರ ಮುಂದೆ ಹಿಡಿದೆ. ತೊಡೆ ನೋಡಿ, “ಥಾಮಸ್ ಸ್ಪ್ಲಿಂಟ್ ಹಾಕಿ ಸೊಲ್ಲಾಪುರಕ್ಕೆ ಕಳಿಸಿ” ಅಂದರು. ಮೊದಲ ಮಹಾಯುದ್ಧದ ಕಾಲದಿಂದ ಸೈನ್ಯಗಳ ಜೊತೆ ತಿರುಗುತ್ತಿರುವ ಕಬ್ಬಿಣದ ಚೌಕಟ್ಟು ಅದು, ಮುರಿದ ತೊಡೆಯನ್ನು ಎಳೆದು ನೆಟ್ಟಗೆ ಹಿಡಿಯುತ್ತದೆ. ಆಮೇಲೆ ಅವರ ಬೆರಳು ಕೆಳಗೆ ಬಂತು. “ಇದು ಯಾರ ಕೈ?”

ಹೊರಗೆ ಬಂದು ನೋಡಿದರೆ ಆಯಿ ಮತ್ತೆ ಸಾಲಿನಲ್ಲಿ ಹೋಗಿ ಕೂತಿದ್ದಾಳೆ.

“ಆಯಿ, ಡಾಕ್ಟರ್ ಕರೀಲಕತ್ತಾರ. ಕೈ ನೋವದನೇನು?”

“ಅದಲ್ಲೇನ ಮತ್ತ! ಅದಕ್ಕ ಬಂದು ಕುಂತೀನಿ” ಎಂದು ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು. ಎಕ್ಸ್‌ರೇಗೆ ಕೊಟ್ಟ ನಂಬರು. ಅವಳ ಪಾಳಿ ಇನ್ನೂ ದೂರವಿತ್ತು. ಪಾಳಿ ಬಂದಾಗ ಹೇಳಿದರಾಯಿತು ಎಂದು ಸುಮ್ಮನಿದ್ದಳಂತೆ.

ಇನ್ನೊಂದು ಫಿಲ್ಮು ಬೇಡ, ಇದೇ ಸಾಕು, ಇರುವುದೇ ಕಡಿಮೆ ಅಂದರು ಡಾಕ್ಟರು. ಕೈ ಬಾತಿತ್ತು. ಸಬಕಾರ ಹಚ್ಚಿ ಕಡಗ ಜಾರಿಸುವಾಗ ಅವಳು ಹಲ್ಲು ಕಚ್ಚಿ ಕುಳಿತಳೇ ಹೊರತು ಒಂದು ಮಾತಾಡಲಿಲ್ಲ. ಪ್ಲಾಸ್ಟರ್ ಹಾಕಿದರು.

ತಕರಾರು ಬಂದದ್ದು ಸುಬೇದಾರ್ ಸಾಹೇಬರ ಕಡೆಯಿಂದ. ಮಿಲ್ಟ್ರಿಯಲ್ಲಿ ಒಂದೊಂದು ಫಿಲ್ಮಿಗೂ ಲೆಕ್ಕವಿದೆ. ಒಂದು ಫಿಲ್ಮು, ಒಂದು ನಂಬರು, ಒಬ್ಬ ಪೇಷಂಟು. ಈಗ ಪೇಷಂಟು ಇಬ್ಬರು. ಕೂಸು ಸೊಲ್ಲಾಪುರಕ್ಕೆ, ಮುದುಕಿ ಇಲ್ಲೇ. ಫಿಲ್ಮು ಯಾರ ಜೊತೆ ಹೋಗಬೇಕು? ಅವರು ರಿಜಿಸ್ಟರ್ ಮುಂದಿಟ್ಟುಕೊಂಡು ಮೀಸೆ ಎಳೆದುಕೊಳ್ಳುತ್ತ ಕುಳಿತಿರುವಾಗ ನಾನು ಒಣಗಿದ ಫಿಲ್ಮು ತಂದು ಕತ್ತರಿ ಹಿಡಿದೆ. ಅವರು ಒಂದು ಕ್ಷಣ ನೋಡಿ, ಕಾಟ್ ದೋ ಅಂದರು. ತೊಡೆಯ ಭಾಗ ಕೂಸಿನ ಲಕೋಟೆಗೆ ಹೋಯಿತು. ಮಣಿಕಟ್ಟಿನ ಪಟ್ಟಿ ಆಯಿಗೆ. ರಿಜಿಸ್ಟರಿನಲ್ಲಿ ಎರಡು ನಂಬರಿನ ಮುಂದೆಯೂ ‘ಅರ್ಧ’ ಎಂದು ಬರೆದು ಸಹಿ ಹಾಕಿದರು. ಆಡಿಟ್‌ನವರು ಇದಕ್ಕೆ ಏನಂದರೋ, ಅಷ್ಟರಲ್ಲಿ ನನಗೆ ಬೇರೆ ಕಡೆ ಪೋಸ್ಟಿಂಗ್ ಆಗಿತ್ತು.

“ಆ ಕೂಸು ಏನಾತು ಕಾಕಾ?” ಅಂದ ಒಬ್ಬ ಹುಡುಗ.

ಗಾಡಿ ಹತ್ತಿಸಿದೆವು. ಆಸ್ಪತ್ರೆಯ ಕೆಲಸದಲ್ಲಿ ನಮಗೆ ಸಿಗುವುದು ಕಥೆಯ ನಡುವಿನ ಒಂದು ತುಂಡು ಮಾತ್ರ, ಮುಂದಿನದು ಬೇರೆಯವರ ಪಾಲಿಗೆ.

ಆಯಿ ಮಾತ್ರ ಮರುದಿನ ಮತ್ತೆ ನಮ್ಮ ಡೇರೆಗೆ ಬಂದಳು. ಪ್ಲಾಸ್ಟರಿನ ಕೈ ಕೊರಳಿಗೆ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಫಿಲ್ಮಿನ ಪಟ್ಟಿ, ಸೆರಗಿನ ಗಂಟಿನಲ್ಲಿ ಕಡಗ. ಪಟ್ಟಿಯನ್ನು ಬಿಸಿಲಿಗೆ ಹಿಡಿದು ಆ ಬಿಳಿ ಸುತ್ತನ್ನು ತೋರಿಸಿದಳು.

“ತಮ್ಮಾ, ನನ್ನ ಗಂಡ ಇದನ್ನ ಜಾತ್ರ್ಯಾಗ ಕೊಂಡಿದ್ದ. ಬೆಳ್ಳಿ ಅಂತ ಹೇಳಿದ್ದ. ನನಗ ಅವತ್ತಿನಿಂದ ಸಂಶಯ. ಇದು ಖರೇ ಬೆಳ್ಳಿ ಅದೋ ಇಲ್ಲೋ, ನಿನ್ನ ಫೋಟೊದಾಗ ತಿಳೀತದೇನು?”

“ಡಾಕ್ಟರ್ ಹೇಳ್ತಾರ” ಎಂದು ಬಾಯಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡು, “ಅದನ್ನ ಡಾಕ್ಟರೂ ಹೇಳಂಗಿಲ್ಲ ಆಯಿ, ಪತ್ತಾರನ ಹತ್ರ ಒಯ್ದು ತಿಕ್ಕಿಸಿ ನೋಡು” ಅಂದೆ.