ಹೋದ ಕರೆಂಟು ಮತ್ತೆ ಬಂದಾಗ

ಮಳೆಗಾಲದ ಸಂಜೆ ಮನೆಯ ದೀಪ ಫಕ್ಕನೆ ಆರಿ, ಅರೆಗಳಿಗೆಯಲ್ಲಿ ಮತ್ತೆ ಹತ್ತಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. 'ಕರೆಂಟು ಆಟ ಆಡ್ತಿದೆ' ಎಂದು ಗೊಣಗುತ್ತೇವೆ. ಅನೇಕ ಸಲ ಅದು ಆಟವಲ್ಲ, ಲೆಕ್ಕಾಚಾರ ಎಂಬುದು ವಿಜ್ಞಾನದ ಮೇಷ್ಟ್ರಾದ ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ.

ಆಗ ನಾನು ಸಾಗರದ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಮೃಗಶಿರಾ ಮಳೆಯ ಗಾಳಿಗೆ ಮರದ ಕೊಂಬೆ ಮುರಿದು, ಮೈದಾನದ ಅಂಚಿನ 11 ಕಿಲೋವೋಲ್ಟ್ ಮಾರ್ಗದ ತಂತಿಯೊಂದು ತುಂಡಾಗಿ ಹುಲ್ಲಿನ ಮೇಲೆ ಬಿತ್ತು. ದೀಪಗಳು ಆರಿದವು. ಮಕ್ಕಳು ಜಗುಲಿಗೆ ಓಡಿಬಂದರು. "ಹೆದರಬೇಡಿ, ಟ್ರಿಪ್ ಆಗಿದೆ. ತಂತಿಯಲ್ಲೀಗ ವಿದ್ಯುತ್ ಇಲ್ಲ" ಎಂದೆ. ಅಷ್ಟಕ್ಕೇ ಸುಮ್ಮನಿರಲಿಲ್ಲ, ಬಿದಿರಿನ ಕೋಲು ಹಿಡಿದು ತಂತಿಯನ್ನು ಬದಿಗೆ ಸರಿಸಲು ಹೊರಟೆ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ನನ್ನ ಹಿಂದೆಯೇ ಬಂದರು.

"ಸಾರ್, ನಿಲ್ಲಿ! ಹತ್ತಿರ ಹೋಗ್ಬೇಡಿ!"

ರಸ್ತೆಯಿಂದ ಕೂಗಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಲೈನ್‌ಮ್ಯಾನ್. ನಿಂತೆವು. ಮರುಕ್ಷಣವೇ ತಂತಿಯ ತುದಿ ಚಟಚಟನೆ ಕಿಡಿ ಕಾರಿ ಮತ್ತೆ ತಣ್ಣಗಾಯಿತು. ನಮಗೂ ಅದಕ್ಕೂ ಹದಿನೈದು ಹೆಜ್ಜೆ ಅಂತರವಿತ್ತು.

ಮುಂದಿನ ಭಾನುವಾರ ಅವನೇ ನನ್ನನ್ನು ಸಬ್‌ಸ್ಟೇಷನ್ನಿಗೆ ಕರೆದೊಯ್ದ. ಮೇಷ್ಟ್ರು ವಿದ್ಯಾರ್ಥಿಯಾದೆ. ಮೇಲಿನ ತಂತಿಗಳ ದೋಷಗಳಲ್ಲಿ ಹೆಚ್ಚಿನವು ತಾತ್ಕಾಲಿಕ: ಸಿಡಿಲು, ತಾಗಿ ಬಿದ್ದ ಕೊಂಬೆ, ಹಕ್ಕಿ. ಬ್ರೇಕರ್ ತೆರೆದುಕೊಂಡರೆ ಕಿಡಿ ಹರಿದ ಹಾದಿಯ ಬಿಸಿ ಗಾಳಿ ತಣಿದು ಮತ್ತೆ ನಿರೋಧಕವಾಗುತ್ತದೆ. ಆಮೇಲೆ ವಿದ್ಯುತ್ ಹರಿಸಿದರೆ ಎಲ್ಲ ಸರಿ. ಅಂದು ಆಪರೇಟರ್ ಸ್ವಲ್ಪ ಕಾದು ಕೈಯಿಂದ ಮಾಡಿದ್ದ ಈ ಕೆಲಸವನ್ನು ಅನೇಕ ಕಡೆ ರಿಲೇ ತಾನಾಗಿಯೇ ಮಾಡುತ್ತದೆ. ಅದೇ ಆಟೋ ರಿಕ್ಲೋಸಿಂಗ್.

ರಿಲೇಗೆ ಮೊದಲೇ ಕೆಲವು ಮಾತು ಹೇಳಿಡಬೇಕು. ಎಷ್ಟು ಹೊತ್ತು ಕಾಯಬೇಕು? ಇದು 'ಡೆಡ್ ಟೈಮ್'. ಕಡಿಮೆಯಾದರೆ ಗಾಳಿ ತಣಿಯದೆ ಕಿಡಿ ಮರುಕಳಿಸುತ್ತದೆ. ಹೆಚ್ಚಾದರೆ ಸುಮ್ಮನೆ ಕತ್ತಲೆ. 400 ಕಿಲೋವೋಲ್ಟ್ ಮಾರ್ಗದಲ್ಲಿ ಒಂದೇ ಫೇಸ್ ಕೆಟ್ಟರೆ ಅದನ್ನಷ್ಟೇ ಸುಮಾರು 1 ಸೆಕೆಂಡು ತೆರೆದಿಡುವುದುಂಟು. ಎಷ್ಟು ಸಲ ಪ್ರಯತ್ನಿಸಬೇಕು? ಅಷ್ಟೂ ಸೋತರೆ 'ಲಾಕ್‌ಔಟ್'. ಮನುಷ್ಯ ಬಂದು ನೋಡುವವರೆಗೆ ಬ್ರೇಕರ್ ಮುಚ್ಚಿಕೊಳ್ಳದು. ಗೆದ್ದರೂ ಸ್ವಲ್ಪ ಹೊತ್ತು ನಿಗಾ ಇಡಬೇಕು. ಅದು 'ರಿಕ್ಲೇಮ್ ಟೈಮ್'. ನೆಲದಡಿಯ ಕೇಬಲ್ಲಿನ ದೋಷ ತಾನಾಗಿ ಸರಿಹೋಗುವುದು ಅಪರೂಪ, ಅಲ್ಲಿ ಸಾಮಾನ್ಯವಾಗಿ ಈ ಏರ್ಪಾಡು ಇಡುವುದಿಲ್ಲ.

ಆದರೆ ರಿಲೇಗೆ ಕಣ್ಣಿಲ್ಲ. ತಂತಿಗೆ ತಾಗಿರುವುದು ಕೊಂಬೆಯೋ ಮಗುವಿನ ಕೈಯೋ ಅದಕ್ಕೆ ತಿಳಿಯದು. ಒಣ ನೆಲದ ಮೇಲೆ ಬಿದ್ದ ತಂತಿಯಿಂದ ಹರಿಯುವ ವಿದ್ಯುತ್ ತೀರ ಕಡಿಮೆಯಾದರೆ ಟ್ರಿಪ್ ಆಗದೆಯೂ ಇರಬಹುದು. ಆದ್ದರಿಂದ ದೀಪ ಆರಿದೆಯೆಂದು ತಂತಿ ಸತ್ತಿದೆಯೆಂದು ತಿಳಿಯಬಾರದು. ದೂರ ನಿಲ್ಲಿ, ಇತರರನ್ನೂ ದೂರವಿರಿಸಿ, 1912ಕ್ಕೆ ಫೋನ್ ಮಾಡಿ. ಕೋಲು ಮಾತ್ರ ಬೇಡ.

ಅಂದಿನಿಂದ ವಿದ್ಯುತ್ತಿನ ಪಾಠವನ್ನು ಓಮ್‌ನ ನಿಯಮದಿಂದಲ್ಲ, ನನ್ನ ತಪ್ಪಿನಿಂದ ಆರಂಭಿಸುತ್ತೇನೆ. ಆ ಇಬ್ಬರು ಹುಡುಗರ ತಂದೆತಾಯಿಗೆ ಮಾತ್ರ ಇದನ್ನು ಹೇಳುವ ಧೈರ್ಯ ಆಗ ಬರಲಿಲ್ಲ. ಈಗ ಹೇಳಿದ್ದೇನೆ.