ತೊಣ್ಣೂರು ಕೆರೆಯ ದಂಡೆಯಲ್ಲಿ ಒಂದು ಸಂವತ್ಸರ

ಮೇಲುಕೋಟೆಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಚೆಲುವನಾರಾಯಣನ ದರ್ಶನವನ್ನು ಮುಗಿಸಿ, ಪುಳಿಯೋಗರೆಯ ಪೊಟ್ಟಣವನ್ನು ಕಟ್ಟಿಸಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗಿಬಿಡುತ್ತಾರೆ. ಅದೇ ಪಾಂಡವಪುರ ತಾಲ್ಲೂಕಿನಲ್ಲಿ, ಕಲ್ಲುಗುಡ್ಡಗಳ ಮಡಿಲಲ್ಲಿ, ವಿಸ್ತಾರವಾದ ಜಲರಾಶಿಯೊಂದು ಯಾರ ಗೊಡವೆಗೂ ಹೋಗದೆ ಮಲಗಿರುವುದನ್ನು ಕಂಡವರು ಅವರಲ್ಲಿ ಕಡಿಮೆ. ಅದೇ ಕೆರೆತೊಣ್ಣೂರು. ಊರಿಗೆ ಕೆರೆಯ ಹೆಸರು ಬಂದಿತೋ, ಕೆರೆಗೆ ಊರಿನ ಹೆಸರು ಬಂದಿತೋ ಹೇಳುವುದು ಕಷ್ಟ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಹೊಯ್ಸಳರ ಕಾಲದಲ್ಲಿ ಇದು ತೊಂಡನೂರು. ಯಾದವಪುರವೆಂಬ ಹೆಸರೂ ಉಂಟು. ವಿಷ್ಣುವರ್ಧನನ ನೆನಪು, ರಾಮಾನುಜಾಚಾರ್ಯರ ನೆನಪು ಇಲ್ಲಿನ ಕಲ್ಲುಕಲ್ಲಿಗೂ ಅಂಟಿಕೊಂಡಿವೆ. ಈ ಕೆರೆಯನ್ನು ಕಟ್ಟಿಸಿದವರು ಆಚಾರ್ಯರೇ ಎಂದು ಜನ ನಂಬುತ್ತಾರೆ. ಎರಡು ಗುಡ್ಡಗಳ ನಡುವಣ ಕಂದರಕ್ಕೆ ಅಡ್ಡವಾಗಿ ಏರಿಯನ್ನು ಹಾಕಿ ಹಳ್ಳದ ನೀರನ್ನು ತಡೆದಿರುವ ಈ ಕೆಲಸ ನೋಡಲು ಸರಳ. ಆದರೆ ಆ ಸ್ಥಳವನ್ನು ಗುರುತಿಸಿದ ಕಣ್ಣು ಸಾಮಾನ್ಯವಾದುದಲ್ಲ. ದಖನ್ನಿನ ಸುಬೇದಾರನ ಮಗ ನಾಸಿರ್ ಜಂಗನು 1746ರಲ್ಲಿ ಇಲ್ಲಿಗೆ ಬಂದು, ನೀರಿನ ತಿಳಿಯನ್ನು ಮೆಚ್ಚಿ, ‘ಮೋತಿ ತಲಾಬ್’ ಎಂದು ಕರೆದನೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು, ಕೆರೆ ತುಂಬಿದರೆ ಕೆಳಗಿನ ರೈತರಿಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ನೀರು ನಿಲ್ಲುತ್ತದೆಂದು ಬರೆದಿದ್ದಾನೆ. ಮುತ್ತಿನ ಮಾತು ನಾಸಿರ್ ಜಂಗನದು, ಬತ್ತದ ಲೆಕ್ಕ ಬುಕಾನನನದು. ಎರಡೂ ನಿಜವೆ.

ಈ ದಂಡೆಯ ಮೇಲೆ ನಾನು ತಿರುಗಾಡಲು ತೊಡಗಿ ಅನೇಕ ವರ್ಷಗಳಾದುವು. ನನ್ನ ಸಂಗಾತಿ ಕರಿಯ. ಅವನು ಯಾವ ದೊಡ್ಡ ತಳಿಯವನೂ ಅಲ್ಲ, ಅಪ್ಪಟ ಊರುನಾಯಿ. ಹೆಸರಿಗೆ ಕರಿಯನಾದರೂ ಈಗ ಮೂತಿಯೆಲ್ಲ ಬೆಳ್ಳಗಾಗಿ, ಕಣ್ಣಿನಲ್ಲಿ ತೆಳುವಾದ ನೀಲಿಯ ಪೊರೆ ಮೂಡಿದೆ. ವಯಸ್ಸು 13. ನಾಯಿಯ ಬಾಳಿನಲ್ಲಿ ಅದು ವಾನಪ್ರಸ್ಥವನ್ನೂ ದಾಟಿದ ಕಾಲ.

ಕಳೆದ ಬೇಸಿಗೆಯಿಂದ ಈ ಸಂಕ್ರಾಂತಿಯವರೆಗಿನ ನಮ್ಮ ತಿರುಗಾಟದ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಚೈತ್ರದಲ್ಲಿ ಕೆರೆ ಇಳಿಮುಖವಾಗುತ್ತದೆ. ನೀರು ಹಿಂದೆ ಸರಿದಂತೆ ಬಂಡೆಗಳ ಮೈಮೇಲೆ ಒಂದರ ಕೆಳಗೊಂದು ಗೆರೆಗಳು ಕಾಣಿಸಿಕೊಳ್ಳುತ್ತವೆ; ಜಮಾಖರ್ಚಿನ ಪುಸ್ತಕವನ್ನು ಯಾರೋ ತೆರೆದಿಟ್ಟಂತೆ ತೋರುತ್ತದೆ. ದಾರಿಯ ಹೊಂಗೆಗಳು ಮಾತ್ರ ಈ ಬಡತನವನ್ನು ಲೆಕ್ಕಿಸದೆ ಎಳೆಯ ಹಸುರನ್ನು ಹೊದ್ದು ನಿಲ್ಲುತ್ತವೆ. ಆಗ ನಮ್ಮ ನಡಿಗೆ ಏರಿಯ ಉದ್ದಕ್ಕೂ ಸಾಗಿ, ಆಚೆಯ ಗುಡ್ಡದ ಬುಡದ ಹಾಸುಬಂಡೆಯವರೆಗೆ ಹೋಗುತ್ತಿತ್ತು. ಬಿಸಿಲೇರುವ ಮುನ್ನ ಕರಿಯ ಬಂಡೆಯ ಮೇಲೆ ಕುಳಿತು ನೀರುಕಾಗೆಗಳನ್ನು ನೋಡುವನು. ಅವು ಮುಳುಗಿ, ಬೇರೆಲ್ಲೋ ಮೇಲೆದ್ದು, ಕಲ್ಲಿನ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವುದನ್ನು ಎಷ್ಟು ವರ್ಷ ನೋಡಿದರೂ ಅವನಿಗೆ ಬೇಸರವಿಲ್ಲ. ಎಳವೆಯಲ್ಲಿ ಅವುಗಳ ಬೆನ್ನಟ್ಟಲು ಹವಣಿಸುತ್ತಿದ್ದುದರಿಂದ ಅಂದಿನಿಂದಲೂ ಕೊರಳಿಗೆ ಹಗ್ಗ ಉಂಟು. ಹಕ್ಕಿಗೆ ಕೆರೆ ಮನೆ, ನಮಗೆ ಅಂಗಳ. ಅಂಗಳಕ್ಕೆ ಬಂದವನು ಮನೆಯವರನ್ನು ಹೆದರಿಸಬಾರದು.

ವೈಶಾಖದ ಒಂದು ಬೆಳಿಗ್ಗೆ ಬಂಡೆಯ ಹತ್ತಿರ ಕರಿಯ ಒಮ್ಮೆಲೆ ಮೂರು ಕಾಲಿನ ಮೇಲೆ ನಿಂತನು. ಹಿಂದಿನ ದಿನ ಭಾನುವಾರ. ವಿಹಾರಕ್ಕೆ ಬಂದವರಾರೋ ಬಾಟಲಿಯನ್ನು ಬಂಡೆಗೆ ಅಪ್ಪಳಿಸಿ ಹೋಗಿದ್ದರು. ಪಾದದ ಮೆತ್ತೆಯಲ್ಲಿ ಗಾಜು ಆಳವಾಗಿ ಇಳಿದಿತ್ತು. ಅಂದು ಅವನನ್ನು ಹೆಗಲ ಮೇಲೆ ಹೊತ್ತು ಏರಿಯನ್ನು ದಾಟಿದೆ. ಹುಲ್ಲು ಕೊಯ್ಯುತ್ತಿದ್ದ ಗೌಡರೊಬ್ಬರು ಕುಡುಗೋಲನ್ನು ಕೆಳಗಿಟ್ಟು, ಟವೆಲಿನ ಅಂಚನ್ನು ಹರಿದು ಕಟ್ಟಿದರು.

“ದನದ ಕಾಲಿಗೂ ಹಿಂಗೇ ಆಯ್ತದೆ ಮೇಷ್ಟ್ರೇ. ಹೇಳಿದ್ರೆ ಯಾರು ಕೇಳ್ತಾರೆ?” ಎಂದರು.

ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಪಶುವೈದ್ಯರು ಗಾಯಕ್ಕಿಂತ ಎದೆಯ ಬಡಿತವನ್ನೇ ಹೆಚ್ಚು ಹೊತ್ತು ಆಲಿಸಿ, “ದೂರ ನಡೆಸಬೇಡಿ, ನಡೆಸದೆಯೂ ಇರಬೇಡಿ. ಎಷ್ಟು ಎಂಬುದನ್ನು ಅದೇ ಹೇಳುತ್ತದೆ” ಎಂದರು. ಅದಕ್ಕಿಂತ ಉತ್ತಮವಾದ ಔಷಧದ ಚೀಟಿಯನ್ನು ನಾನು ಕಂಡಿಲ್ಲ.

ಆಷಾಢದ ಗಾಳಿ ಎದ್ದಾಗ ಮತ್ತೆ ಹೊರಟೆವು. ಈ ಸೀಮೆಗೆ ಮುಂಗಾರು ಮಲೆನಾಡಿನಂತೆ ಸುರಿಯುವುದಿಲ್ಲ. ಮೋಡಗಳು ಪಡುವಲಿಂದ ಸಾಲುಗಟ್ಟಿ ಬಂದು, ನಾಲ್ಕು ಹನಿ ಸಿಡಿಸಿ, ಅವಸರದಿಂದ ಮೂಡಲಿಗೆ ಸಾಗಿಬಿಡುತ್ತವೆ. ನೀರಿನ ಮೇಲೆ ತೆರೆಗಳು ಎದ್ದು ಏರಿಯ ಕಲ್ಲಿಗೆ ಬಡಿಯುತ್ತವೆ. ಕರಿಯ ಏರಿಯ ನಡುಮಧ್ಯದಲ್ಲಿ ನಿಂತು, ಗಾಳಿಗೆ ಮೂಗೊಡ್ಡಿ, ಆಚೆಯ ಹಾಸುಬಂಡೆಯ ದಿಕ್ಕನ್ನು ನೋಡಿದನು. ಬಳಿಕ ತಾನಾಗಿಯೇ ಹಿಂದಿರುಗಿದನು. ಅಂದಿನಿಂದ ಏರಿಯ ನಡುಭಾಗವೇ ನಮ್ಮ ಎಲ್ಲೆಯಾಯಿತು.

ಇಲ್ಲಿನ ನಿಜವಾದ ಮಳೆ ಭಾದ್ರಪದ, ಆಶ್ವಯುಜಗಳದು. ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ರಾತ್ರಿಯ ಹೊತ್ತು ಗುಡುಗಿನೊಡನೆ ಬಂದು ಗುಡ್ಡಗಳನ್ನು ತೊಳೆದು ಹೋಗುತ್ತವೆ. ಬೆಳಿಗ್ಗೆ ನೋಡಿದರೆ ಹಳ್ಳಗಳು ಕೆಂಪಗೆ ಹರಿದು ಕೆರೆಗೆ ಸೇರುತ್ತಿರುತ್ತವೆ. ವೈಶಾಖದ ಲೆಕ್ಕದ ಗೆರೆಗಳು ಒಂದೊಂದಾಗಿ ಮುಳುಗಿದುವು. ಕೆರೆ ದಿನದಿನಕ್ಕೆ ಮೇಲೇರುತ್ತಿತ್ತು. ನಮ್ಮ ನಡಿಗೆ ದಿನದಿನಕ್ಕೆ ಕುಗ್ಗುತ್ತಿತ್ತು. ದೀಪಾವಳಿಯ ಹೊತ್ತಿಗೆ ನಾವು ಏರಿಯ ಮೊದಲಿನಲ್ಲಿರುವ ಹುಣಿಸೆಯ ಮರದವರೆಗೆ ಮಾತ್ರ ಹೋಗುತ್ತಿದ್ದೆವು.

ಆದರೆ ನಡಿಗೆ ಕುಗ್ಗಿತೆಂದು ಕಾಲ ಕುಗ್ಗಲಿಲ್ಲ. ಮೊದಲು ಒಂದು ಗಂಟೆಯಲ್ಲಿ ಇಡೀ ದಂಡೆಯನ್ನು ಮುಗಿಸುತ್ತಿದ್ದ ನಮಗೆ ಈಗ ಹುಣಿಸೆಯ ಮರವೇ ಒಂದು ಗಂಟೆಯ ದಾರಿ. ಕರಿಯ ಪ್ರತಿಯೊಂದು ಕಲ್ಲನ್ನೂ ಮೂಸಿ ವಿಚಾರಿಸಿಕೊಳ್ಳುತ್ತಾನೆ. ಅವನು ನಿಂತಾಗ ನಾನೂ ನಿಲ್ಲಬೇಕು. ಹಾಗೆ ನಿಂತುದರಿಂದಲೇ ತೂಬಿನಿಂದ ಹರಿಯುವ ನೀರಿನ ಸದ್ದು ಬೆಳಿಗ್ಗೆಗೊಂದು, ಸಂಜೆಗೊಂದು ಬಗೆಯೆಂದು ತಿಳಿಯಿತು; ಮಿಂಚುಳ್ಳಿಯೊಂದು ದಿನವೂ ಅದೇ ಕೊಂಬೆಗೆ ಬರುವುದೂ ತಿಳಿಯಿತು. ಇಷ್ಟು ವರ್ಷ ವೇಗವಾಗಿ ನಡೆದವನಿಗೆ ಇದಾವುದೂ ದೊರೆತಿರಲಿಲ್ಲ.

ಟವೆಲು ಹರಿದು ಕಟ್ಟಿದ ಗೌಡರು ಆಗಾಗ ಎದುರಾಗುತ್ತಾರೆ. “ನೀವು ನಾಯಿ ಕರ್ಕೊಂಡು ಹೋಯ್ತಿದ್ದೀರೋ, ನಾಯಿ ನಿಮ್ಮನ್ನ ಕರ್ಕೊಂಡು ಹೋಯ್ತದೋ ಮೇಷ್ಟ್ರೇ?” ಎಂದು ನಗುತ್ತಾರೆ. “ಗೌಡರೇ, ಹಗ್ಗಕ್ಕೆ ಎರಡು ತುದಿ” ಎಂದು ನಾನೂ ನಗುತ್ತೇನೆ.

ಒಂದು ಹಾದಿನಾಯಿಗೆ ಇಷ್ಟು ಹೊತ್ತೇ ಎಂದು ಕೇಳುವವರೂ ಇದ್ದಾರೆ. ಅವರಿಗೆ ನಾನು ಇದೇ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನಪಿಸುತ್ತೇನೆ. ಕ್ರಿ.ಶ. 949ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿ ಅದರಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ, ಗಂಗ ಬೂತುಗ ಇವರ ಹೆಸರುಗಳಿವೆ. ಆದರೆ ಕಲ್ಲಿನ ನಡುವೆ ಕೆತ್ತಿರುವುದು ಅರಸನನ್ನಲ್ಲ, ಹಂದಿಯೊಡನೆ ಹೋರಾಡುತ್ತಿರುವ ನಾಯಿಯನ್ನು. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯನು “ಬೇಕಾದುದನ್ನು ಬೇಡು” ಎಂದಾಗ ಅವನು ಊರನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯೂ ಕಾಡುಹಂದಿಯೂ ಒಂದನ್ನೊಂದು ಕೊಂದು ಮಡಿದುವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಭೂಮಿ ಎಲ್ಲಿಯದು? ಊರಿನ ಹಿರಿಯ ಕೆರೆಯ ಕೆಳಗಿನದು! ಕೆರೆಯ ನೀರುಂಡ ಗದ್ದೆಯ ಫಲ ನಾಯಿಯ ನೆನಪಿಗೆ ಸಲ್ಲಲೆಂದು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಕಲ್ಲಿನಲ್ಲಿ ಕೊರೆದಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕರಿಯ ಹಂದಿಯನ್ನು ಕೊಂದವನಲ್ಲ. ಅವನಿಗೆ ಕಲ್ಲು ಬೇಡ. ದಿನಕ್ಕೊಂದು ಗಂಟೆ ಸಾಕು.

ಪುಷ್ಯದ ಬೆಳಗುಗಳಲ್ಲಿ ಕೆರೆಯೇ ಕಾಣುವುದಿಲ್ಲ. ನೀರಿನಿಂದೆದ್ದ ಮಂಜು ಏರಿಯನ್ನು ಮುಚ್ಚಿ, ಗುಡ್ಡದ ನೆತ್ತಿ ಮಾತ್ರ ತೇಲುತ್ತಿರುತ್ತದೆ. ಕೆಳಗಿನ ಬಯಲಿನಲ್ಲಿ ಬತ್ತದ ಕೊಯ್ಲು ಮುಗಿದು, ಆಲೆಮನೆಯಿಂದ ಬೆಲ್ಲ ಕಾಯುವ ಕಂಪು ತೇಲಿ ಬರುತ್ತದೆ. ಚಳಿಗೆ ಕರಿಯನ ಹಿಂಗಾಲು ಹಿಡಿದುಕೊಳ್ಳುತ್ತದೆ. ಬಿಸಿಲು ಬೀಳುವವರೆಗೆ ಕಾದು ಹೊರಡುತ್ತೇವೆ. ಸಂಕ್ರಾಂತಿಯ ಸಂಜೆ ಊರವರು ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸಿದಾಗ ಅವನು ಜಗಲಿಯ ಮೇಲೆಯೇ ಕುಳಿತು, ಬೆಂಕಿಯ ಬೆಳಕನ್ನು ಕಣ್ಣಿನ ಪೊರೆಯ ಒಳಗಿನಿಂದ ನೋಡಿದನು.

ತೊಣ್ಣೂರಿಗೆ ಬರುವವರಲ್ಲಿ ನನ್ನದೊಂದು ಬಿನ್ನಹ. ಬನ್ನಿ, ನಂಬಿನಾರಾಯಣನ ಗುಡಿಯನ್ನು ನೋಡಿ, ಏರಿಯ ಮೇಲೆ ನಿಧಾನವಾಗಿ ನಡೆಯಿರಿ. ಈ ನೀರು ಬಹಳ ಆಳ. ಈಜಿನ ಹುರುಪಿನಿಂದ ಇಳಿಯಬೇಡಿ. ತಂದ ಬಾಟಲಿಯನ್ನು ತಂದವರೇ ಹಿಂದಕ್ಕೆ ಒಯ್ಯಿರಿ. ಇಲ್ಲಿ ಬರಿಗಾಲಿನಲ್ಲಿ ನಡೆಯುವವರು ಬಹಳ: ರೈತರು, ದನಗಳು, ಮಕ್ಕಳು, ನಾಯಿಗಳು.

ಮುಂದಿನ ಚೈತ್ರಕ್ಕೆ ಬಂಡೆಗಳ ಮೇಲೆ ಗೆರೆಗಳು ಮತ್ತೆ ಮೂಡುತ್ತವೆ, ಹೊಂಗೆ ಮತ್ತೆ ಚಿಗುರುತ್ತದೆ. ಅಷ್ಟು ಹೊತ್ತಿಗೆ ನಮ್ಮ ಎಲ್ಲೆ ಹುಣಿಸೆಯ ಮರದಿಂದ ಮನೆಯ ಬಾಗಿಲಿಗೆ ಸರಿದರೂ ಸರಿಯಬಹುದು. ಸರಿಯಲಿ. ಬಾಗಿಲಲ್ಲಿ ಕುಳಿತರೂ ಕೆರೆಯ ಗಾಳಿ ಬರುತ್ತದೆ. ಅವನ ಮೂಗು ಇನ್ನೂ ಚೆನ್ನಾಗಿಯೇ ಇದೆ.